ರೋಗಿಯ ಕೈಗೆ ಶಸ್ತ್ರ

ಧರ್ಮಾಸ್ಪತ್ರೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕೊಡುವವರ ಕೈ. ಪಡೆದವರು ಮುಂದೇನಾದರೆಂದು ವಿಚಾರಿಸುವವರು ವಿರಳ. ಇಥಿಯೋಪಿಯಾ ದೇಶದ ಒಂದು ಆಸ್ಪತ್ರೆಯ ವೃತ್ತಾಂತವನ್ನು ಓದಿದಂದಿನಿಂದ ಈ ಯೋಚನೆ ನನ್ನನ್ನು ಬಿಟ್ಟಿಲ್ಲ.

ವೈದ್ಯರ ನೆರವು ಎಟುಕದ ಹಳ್ಳಿಗಳಲ್ಲಿ ಹೆರಿಗೆ ತಡೆದರೆ ಹೆಂಗಸು ದಿನಗಟ್ಟಲೆ ಬೇನೆ ತಿನ್ನಬೇಕಾಗುತ್ತದೆ. ಕೂಸಿನ ತಲೆ ತಾಯಿಯ ಮೂತ್ರಕೋಶವನ್ನು ಎಲುಬಿಗೆ ಒತ್ತಿ ಹಿಡಿಯುತ್ತದೆ. ರಕ್ತ ಹರಿಯದ ಭಾಗ ಸತ್ತು ರಂಧ್ರ ಬೀಳುತ್ತದೆ. ಕೂಸು ಬಹುಮಟ್ಟಿಗೆ ಉಳಿಯುವುದಿಲ್ಲ; ಉಳಿದ ತಾಯಿಗೆ ಹಗಲಿರುಳೂ ಮೂತ್ರ ಸೋರುತ್ತಲೇ ಇರುತ್ತದೆ. ಇದೇ ಫಿಸ್ಟುಲ. ವಾಸನೆಗೆ ಹೇಸಿ ಗಂಡನೇ ಬಿಟ್ಟುಹೋದ ಹೆಂಗಸರು ಅದೆಷ್ಟೋ. (ಇಂಥ ವಿಷಯವನ್ನು ಕಾಲೇಜಿನ ಸಂಚಿಕೆಗೆ ಬರೆಯಬಹುದೇ ಎಂದು ಮಿತ್ರನೊಬ್ಬ ಮುಖ ಸಿಂಡರಿಸಿದ. ಈ ಸಂಕೋಚವೇ ಆ ಹೆಂಗಸರನ್ನು ಮೂಲೆಗೆ ತಳ್ಳಿದ್ದು.)

ರೆಜಿನಾಲ್ಡ್ ಮತ್ತು ಕ್ಯಾಥರೀನ್ ಹ್ಯಾಮ್ಲಿನ್ ಎಂಬ ವೈದ್ಯ ದಂಪತಿಗಳು 1959ರಲ್ಲಿ ಸೂಲಗಿತ್ತಿಯರ ಶಾಲೆಯೊಂದನ್ನು ತೆರೆಯಲು ಮೂರು ವರ್ಷದ ಕರಾರಿನ ಮೇಲೆ ಆಸ್ಟ್ರೇಲಿಯಾದಿಂದ ಆದಿಸ್ ಅಬಾಬಕ್ಕೆ ಬಂದರು. ಈ ರೋಗಿಗಳನ್ನು ಕಂಡ ಮೇಲೆ ಅಲ್ಲಿಯೇ ನಿಂತುಬಿಟ್ಟರು. 1974ರಲ್ಲಿ ಇದಕ್ಕೆಂದೇ ಆಸ್ಪತ್ರೆ ತೆರೆದರು, ಚಿಕಿತ್ಸೆ ಉಚಿತ. 2020ರಲ್ಲಿ ಕ್ಯಾಥರೀನ್ ತೀರಿಕೊಳ್ಳುವ ವೇಳೆಗೆ 60,000 ಹೆಂಗಸರು ಇವರ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದಿದ್ದರು.

ಅವರಲ್ಲಿ ಒಬ್ಬಾಕೆ ಮಾಮಿತು ಗಾಶೆ. 1960ರ ದಶಕದಲ್ಲಿ, ಇನ್ನೂ ಹುಡುಗಿಯಾಗಿದ್ದಾಗ, ರೋಗಿಯಾಗಿ ಬಂದವಳು. ಓದುಬರಹ ಬಾರದು. ಚಿಕಿತ್ಸೆಯಾದ ಮೇಲೆ ಅಲ್ಲಿಯೇ ಉಳಿದು ರೋಗಿಗಳ ಹಾಸಿಗೆ ಹಾಸಿದಳು. ಶಸ್ತ್ರಚಿಕಿತ್ಸೆಯ ವೇಳೆ ವೈದ್ಯರ ಪಕ್ಕದಲ್ಲಿ ನಿಂತು ನೆರವಾದಳು. ನೋಡುತ್ತ ನೋಡುತ್ತ ಕಲಿತು ಕಡೆಗೆ ತಾನೇ ಶಸ್ತ್ರ ಹಿಡಿದಳು. ಪದವೀಧರ ವೈದ್ಯರೂ ಆಕೆಯಿಂದ ಕಲಿತರು. 1989ರಲ್ಲಿ ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ಚಿನ್ನದ ಪದಕ ಹ್ಯಾಮ್ಲಿನ್ ದಂಪತಿಗಳೊಡನೆ ಆಕೆಗೂ ಸಂದಿತು.

ಅಕ್ಷರ ಬಾರದವಳ ಕೈಗೆ ಶಸ್ತ್ರವೇ ಎಂಬ ಆಕ್ಷೇಪ ಏಳುವುದು ಸಹಜ. ಮೊದಲು ನಾನೂ ಹಾಗೆಯೇ ಅಂದುಕೊಂಡೆ. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹೆಬ್ಬೆಟ್ಟು ಒತ್ತುವ ಅವ್ವನ ಮುಂದೆ ಇಂಗ್ಲಿಷ್ ಮಾತಾಡಿ ಜಂಬ ಮೆರೆದದ್ದೂ ಉಂಟು. ಆದರೆ ಒಂದೇ ಕೆಲಸವನ್ನು ಗುರುವಿನ ಕಣ್ಣೆದುರಿನಲ್ಲೇ ವರ್ಷಾನುಗಟ್ಟಲೆ ಕಲಿತವಳನ್ನು ಅವಿದ್ಯಾವಂತೆ ಎನ್ನಲು ಈಗ ನನಗೆ ಬಾಯಿ ಬಾರದು. ಉಚಿತ ಚಿಕಿತ್ಸೆಗಿಂತ ಈ ನಂಬಿಕೆಯೇ ಆ ದಂಪತಿಗಳ ದೊಡ್ಡ ದಾನವೆಂದು ನನ್ನ ಮತ.

ಆದರೂ ಹೊತ್ತಿಗೆ ಸರಿಯಾಗಿ ಬಲ್ಲವಳೊಬ್ಬಳು ಹತ್ತಿರವಿದ್ದು ತಡೆದ ಹೆರಿಗೆಯನ್ನು ಆಸ್ಪತ್ರೆಗೆ ಮುಟ್ಟಿಸಿದರೆ ರಂಧ್ರ ಬೀಳುವುದೇ ಅಪರೂಪ. 2007ರಲ್ಲಿ ಹ್ಯಾಮ್ಲಿನ್ ಸಂಸ್ಥೆ ಸೂಲಗಿತ್ತಿಯರ ಕಾಲೇಜನ್ನೇ ತೆರೆದು, ಹಳ್ಳಿಯ ಹುಡುಗಿಯರನ್ನು ಆರಿಸಿ, ಕಲಿಸಿ, ಹಳ್ಳಿಗಾಡಿಗೇ ಕಳುಹಿಸತೊಡಗಿತು. 1959ರಲ್ಲಿ ದಂಪತಿಗಳು ಹಡಗು ಹತ್ತಿದ್ದೂ ಇದೇ ಕೆಲಸಕ್ಕೆಂದು.