ಗಿಡದ ನಾರಿಗೂ ಪರೀಕ್ಷೆ ಬೇಕು

ಗಿಡದಿಂದ ಬಂದದ್ದು ಎಂದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಆದರೆ ಕಲ್ನಾರು ಕೂಡ ಪ್ರಕೃತಿಯದೇ.

ಮರದ ನ್ಯಾನೋಸೆಲ್ಯುಲೋಸಿನ ಪಟ್ಟಿ ಗಾಯದ ಮೇಲೆ ಒಳ್ಳೆಯದೇ. ಮಾಗಿದ ಮೇಲೆ ಕಳಚಿಬರುತ್ತದೆ. ದೇಹದೊಳಗೆ ಇಟ್ಟರೆ ಮಾತು ಬೇರೆ: ಸೆಲ್ಯುಲೋಸನ್ನು ಒಡೆಯುವ ಕಿಣ್ವ ಮನುಷ್ಯನ ದೇಹದಲ್ಲಿ ಹುಟ್ಟುವುದಿಲ್ಲ. ತಯಾರಿಕೆಯ ನೀರಿನಲ್ಲಿದ್ದ ಬ್ಯಾಕ್ಟೀರಿಯಾ ಸತ್ತರೂ ಅವುಗಳ ಎಂಡೋಟಾಕ್ಸಿನ್ ನಾರಿನಲ್ಲಿ ಉಳಿಯಬಹುದು. ಎಳೆಯ ಉದ್ದ, ಮೇಲ್ಮೈಯ ರಾಸಾಯನಿಕ ಸ್ವರೂಪ ಬದಲಾದರೆ ಜೀವಕೋಶಗಳ ಪ್ರತಿಕ್ರಿಯೆಯೂ ಬದಲಾಗಬಹುದು.

ಭಾರತದ 2017ರ ವೈದ್ಯಕೀಯ ಸಾಧನ ನಿಯಮಗಳು ಸಾಧನಗಳನ್ನು ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತವೆ. ಅದು ಸರಿಯೇ. ಆದರೆ ಒಂದು ಬಗೆಯ ನಾರಿನ ಪರೀಕ್ಷೆಯನ್ನು ಇನ್ನೊಂದಕ್ಕೆ ಸಾಕ್ಷಿಯೆಂದು ಒಪ್ಪಬಾರದು. ಎಳೆಯ ಅಳತೆ, ಎಂಡೋಟಾಕ್ಸಿನ್ ಪ್ರಮಾಣ ಪ್ರತಿ ಬ್ಯಾಚಿಗೂ ದಾಖಲಾಗಬೇಕು. ರೋಗಿ ಲೇಬಲ್ಲಿನ ‘ಸಸ್ಯಜನ್ಯ’ ಎಂಬುದನ್ನಷ್ಟೇ ಓದಬಲ್ಲ. ಉಳಿದದ್ದನ್ನು ಓದಬೇಕಾದವರು ನಿಯಂತ್ರಕರು.