ದಾನಾ ಸರಿ, ಪಾನಿ ಎಲ್ಲಿ?

ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ. 2010ರಿಂದ ಇದರ ಆಚರಣೆ ನಡೆದಿದೆ. ಈ ಸಲ ಆ ದಿನ ನಮ್ಮ ಕಾಲೇಜಿನ ಆವರಣದಲ್ಲೂ ಹಕ್ಕಿಗಳಿಗೆ ಕಾಳಿನ ಡಬ್ಬಿ ಕಟ್ಟಬೇಕೆಂಬ ಮಾತು ಕೇಳಿಬರುತ್ತಿದೆ. ಖಾಲಿ ಬಾಟಲಿ ಕತ್ತರಿಸಿ, ನವಣೆ ತುಂಬಿ, ಮರಕ್ಕೆ ನೇತುಹಾಕುವುದು. ಉದ್ದೇಶ ಒಳ್ಳೆಯದೇ. ಆದರೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮೊದಲು ನೀರು ಇಡೋಣ, ಮಳೆಗಾಲದಲ್ಲಿ ಗಿಡ ನೆಡೋಣ. ಕಾಳಿನ ಡಬ್ಬಿ ಕೊನೆಗಿರಲಿ, ಅದೂ ಅದನ್ನು ತೊಳೆಯುವವರು ಯಾರೆಂದು ತೀರ್ಮಾನವಾದ ಮೇಲೆ.

ಮನೆಯಲ್ಲಿ ನಾವು ಉರ್ದು ಮಾತಾಡುತ್ತೇವೆ. ಅಲ್ಲಿ 'ದಾನಾ-ಪಾನಿ' ಎಂದು ಎರಡನ್ನೂ ಸೇರಿಸಿಯೇ ಹೇಳುವುದು. ಕಾಲೇಜಿನ ಯೋಜನೆಯಲ್ಲಿ ದಾನಾ ಇದೆ, ಪಾನಿ ಇಲ್ಲ. ನಮ್ಮದು ಬಯಲುಸೀಮೆ. ಬೇಲೂರಿಗೆ ಯಗಚಿ ಇದೆ, ಹಳೇಬೀಡಿಗೆ ದೋರಸಮುದ್ರದ ಕೆರೆ ಇದೆ. ಅರಸೀಕೆರೆಯ ಹೆಸರಲ್ಲೇ ಕೆರೆ ಇದ್ದರೂ ಏಪ್ರಿಲ್ ಬಂತೆಂದರೆ ನಮ್ಮ ಮನೆಗಳಲ್ಲೇ ನೀರಿನ ಮಾತು ಶುರು. ರಂಜಾನ್‌ನಲ್ಲಿ ರೋಜಾ ಹಿಡಿದವರಿಗೆ ಗೊತ್ತು, ಬಿಸಿಲಲ್ಲಿ ಹಸಿವಿಗಿಂತ ಮೊದಲು ಕಾಡುವುದು ಬಾಯಾರಿಕೆ.

ಇನ್ನೊಂದು ವಿಷಯ. ಕಾಳು ತಿನ್ನಲು ಬರುವುದು ಗುಬ್ಬಿ, ಬೆಳವ, ಪಾರಿವಾಳದಂಥ ಕೆಲವು ಹಕ್ಕಿಗಳು ಮಾತ್ರ. ಪಿಕಳಾರಕ್ಕೆ ಹಣ್ಣು, ಹುಳು ಬೇಕು. ಸೂರಕ್ಕಿಗೆ ಹೂವಿನ ಮಕರಂದ ಬೇಕು. ಗುಬ್ಬಿ ಕೂಡ ತನ್ನ ಎಳೆಯ ಮರಿಗಳಿಗೆ ಹೆಚ್ಚಾಗಿ ತಂದು ಕೊಡುವುದು ಹುಳುಗಳನ್ನು, ಕಾಳನ್ನಲ್ಲ. ನೀರು ಇಟ್ಟರೆ ಇವೆಲ್ಲವೂ ಬರುತ್ತವೆ.

ತೊಳೆಯುವ ಮಾತನ್ನು ಸುಮ್ಮನೆ ಎತ್ತಿಲ್ಲ. ಬ್ರಿಟನ್‌ನಲ್ಲಿ ಹಿತ್ತಲಲ್ಲಿ ಹಕ್ಕಿಗೆ ಕಾಳಿಡುವುದು ಮನೆಮನೆಯ ಅಭ್ಯಾಸ. ಅಲ್ಲಿ 2005ರಿಂದ ಗ್ರೀನ್‌ಫಿಂಚ್ ಎಂಬ ಹಕ್ಕಿಗಳಲ್ಲಿ ಗಂಟಲಿನ ರೋಗವೊಂದು ಹಬ್ಬಿತು. ರೋಗ ಬಂದ ಹಕ್ಕಿಯ ಎಂಜಲು ತಾಗಿದ ಕಾಳು, ನೀರಿನಿಂದ ಅದು ಬೇರೆ ಹಕ್ಕಿಗೂ ಅಂಟುತ್ತದೆ. ಗ್ರೀನ್‌ಫಿಂಚ್‌ಗಳ ಸಂಖ್ಯೆ ಎಷ್ಟು ಕುಸಿಯಿತೆಂದರೆ 2021ರಲ್ಲಿ ಅವನ್ನು ಅಲ್ಲಿನ ಕೆಂಪು ಪಟ್ಟಿಗೆ ಸೇರಿಸಬೇಕಾಯಿತು. ನಮ್ಮ ದೇಶದಲ್ಲೇ, 2025ರಲ್ಲಿ ಮುಂಬೈನ ದಾದರ್ ಕಬೂತರ್‌ಖಾನಾವನ್ನು ಪಾಲಿಕೆ ಮುಚ್ಚಿತು. ಪಾರಿವಾಳದ ಹಿಕ್ಕೆಯಿಂದ ಜನರ ಶ್ವಾಸಕೋಶಕ್ಕೆ ತೊಂದರೆ ಎಂಬ ವಾದ ಬಾಂಬೆ ಹೈಕೋರ್ಟ್‌ವರೆಗೂ ಹೋಯಿತು. ಒಂದೇ ಕಡೆ ದಿನವೂ ಕಾಳು ಸುರಿದರೆ ಒಂದೇ ಜಾತಿಯ ಹಕ್ಕಿ ಗುಂಪು ಕಟ್ಟುತ್ತದೆ.

"ಹಕ್ಕಿಗೆ ಕಾಳು ಹಾಕುವುದು ಸದಖಾ ಅಲ್ಲವಾ?" ಎಂದು ತರಗತಿಯಲ್ಲಿ ಕೆಲವರು ಕೇಳಿದರು. ಹೌದು, ಖಂಡಿತ. ಆದರೆ ನಾವೆಲ್ಲ ಚಿಕ್ಕಂದಿನಿಂದ ಕೇಳಿದ ಹದೀಸ್ ನೆನಪಿಸಿಕೊಳ್ಳಿ. ಒಬ್ಬ ನೆಟ್ಟ ಗಿಡದಿಂದ, ಬಿತ್ತಿದ ಬೆಳೆಯಿಂದ ಮನುಷ್ಯ, ಹಕ್ಕಿ, ಪ್ರಾಣಿ ಯಾವುದು ತಿಂದರೂ ಅದು ಅವನ ಪಾಲಿಗೆ ಸದಖಾ ಎಂಬ ಅರ್ಥದ ಮಾತು ಅದು. ಅಲ್ಲಿ ಹೇಳಿರುವುದು ನೆಡುವ, ಬಿತ್ತುವ ಕೆಲಸವನ್ನು. ವಾಣಿಜ್ಯ ವಿದ್ಯಾರ್ಥಿಯಾಗಿ ಹೇಳುವುದಾದರೆ, ಕಾಳು ದಿನದ ಖರ್ಚು, ಗಿಡ ಬಂಡವಾಳ. ಯಂತ್ರಕ್ಕೆ ವರ್ಷ ವರ್ಷ ಸವಕಳಿ ಬರೆಯಬೇಕು; ನೇರಳೆ ಮರದ ಬೆಲೆ ವರ್ಷ ವರ್ಷ ಏರುತ್ತದೆ.

ನನ್ನ ಸಲಹೆ ಇಷ್ಟು. ಆವರಣದ ನೆರಳಿನಲ್ಲಿ, ಬೆಕ್ಕು ಅಡಗಿ ಕೂರಲಾಗದ ಕಡೆ, ನಾಲ್ಕು ಅಗಲವಾದ ಮಣ್ಣಿನ ತಟ್ಟೆ ಇಡೋಣ. ಎರಡು ಇಂಚು ನೀರು, ನಡುವೆ ಹಕ್ಕಿ ಕೂರಲು ಒಂದು ಕಲ್ಲು ಸಾಕು. ಪ್ರತಿದಿನ ಉಜ್ಜಿ ತೊಳೆದು ನೀರು ಬದಲಿಸಿದರೆ ಸೊಳ್ಳೆಯೂ ಆಗದು, ರೋಗದ ಭಯವೂ ಕಡಿಮೆ. ಜೂನ್‌ನಲ್ಲಿ ಕಾಂಪೌಂಡ್ ಪಕ್ಕ ನೇರಳೆ, ಅತ್ತಿ, ಗಸಗಸೆ ಹಣ್ಣಿನ ಗಿಡ, ನಾಲ್ಕು ದಾಸವಾಳ ನೆಡೋಣ. ಕಾಳಿನ ಡಬ್ಬಿ ಬೇಕೇ ಬೇಕೆಂದರೆ ಒಂದೇ ಒಂದು ಇರಲಿ. ಕ್ಯಾಂಟೀನಿನ ಚಿಪ್ಸ್, ಉಳಿದ ಬಿರಿಯಾನಿ ಅದಕ್ಕೆ ಬೇಡ. ಉಪ್ಪು, ಎಣ್ಣೆ ಹಕ್ಕಿಗೆ ಒಗ್ಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ರಜೆಯ ಪಟ್ಟಿ. ಪರೀಕ್ಷೆ ಮುಗಿದರೆ ಕಾಲೇಜು ಖಾಲಿ. ಬೇಲೂರು, ಹಳೇಬೀಡು ಕಡೆಯ ಗೆಳೆಯರು ಬಸ್ ಹತ್ತಿ ಊರಿಗೆ ಹೋಗುತ್ತಾರೆ. ಹಕ್ಕಿಗೆ ಬಿಸಿಲು ತಾಗುವುದೂ ಆಗಲೇ. ಅರಸೀಕೆರೆ ಊರಿನೊಳಗೇ ಇರುವ ನಾವು ಹದಿನಾಲ್ಕು ಮಂದಿ ಮುಂದೆ ಬಂದರೆ ಒಬ್ಬೊಬ್ಬರಿಗೆ ಎರಡು ವಾರಕ್ಕೊಂದು ದಿನ ಮಾತ್ರ ಪಾಳಿ ಬರುತ್ತದೆ. ರಜೆಯಲ್ಲೂ ಗೇಟು ತೆಗೆಸಿಕೊಡುವಂತೆ ಪ್ರಾಂಶುಪಾಲರಲ್ಲಿ ನನ್ನ ವಿನಂತಿ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಬರೆಯಿರಿ.

ಮಾರ್ಚ್ 20ರಂದು ಫೋಟೊ ತೆಗೆಯುವುದು ಬೇಡ ಎನ್ನುವುದಿಲ್ಲ. ಮೇ 20ರಂದೂ ಒಂದು ತೆಗೆಯೋಣ. ಅದರಲ್ಲಿ ನಾವು ಇಲ್ಲದಿದ್ದರೂ ಪರವಾಗಿಲ್ಲ, ತಟ್ಟೆಯಲ್ಲಿ ನೀರಿರಬೇಕು.