ಇಂಟೆಗ್ರಿಟಿ ಎಂಬ ಪದಕ್ಕೆ ಸಹಿ ಹಾಕುವ ಮುನ್ನ

ನಮ್ಮ ಸದಸ್ಯ ಬಾಂಧವರ ಕೊಟೇಷನ್‌ಗಳನ್ನೂ ಸಂಸ್ಥೆಯ ಪರಿಚಯ ಪತ್ರಗಳನ್ನೂ ನೋಡುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಸರಕಿನ ವಿವರ ಕನ್ನಡದಲ್ಲಿದ್ದರೂ ಮಾಲೀಕರ ಗುಣದ ವಿವರ ಮಾತ್ರ ಇಂಗ್ಲಿಷಿನದೇ ಆಗಿರುತ್ತದೆ. ಇಂಟೆಗ್ರಿಟಿ, ಹಾನೆಸ್ಟಿ, ಸಿನ್ಸಿಯರ್, ಗುಡ್ ಫೇತ್ ಮೊದಲಾದ ಪದಗಳಿಲ್ಲದ ಪರಿಚಯ ಪತ್ರವೇ ಅಪರೂಪ. ಇವು ಬರಿಯ ಅಲಂಕಾರವಾಗಿದ್ದರೆ ಆಕ್ಷೇಪಿಸಬೇಕಾಗಿರಲಿಲ್ಲ. ಆದರೆ ಇದೇ ಪದಗಳು ಟೆಂಡರ್ ಪತ್ರಗಳಲ್ಲಿ, ವಿಮಾ ಕರಾರುಗಳಲ್ಲಿ, ಕಾನೂನಿನ ಕಲಮುಗಳಲ್ಲಿ ಷರತ್ತುಗಳಾಗಿ ಕುಳಿತಿವೆ. ಅಲಂಕಾರವೆಂದು ಓದಿ ಸಹಿ ಹಾಕಿದವರಿಗೆ ಅವು ಮುಂದೊಂದು ದಿನ ಷರತ್ತಾಗಿಯೇ ಎದುರಾಗುತ್ತವೆ.

ಇಂಗ್ಲಿಷಿನಲ್ಲಿ ಸದ್ಗುಣವನ್ನು ಸೂಚಿಸುವ ಕೆಲವು ಪದಗಳು ಕುಲದಿಂದ ಹುಟ್ಟಿದವು. 'ನೋಬಲ್' ಎಂದರೆ ಮೂಲದಲ್ಲಿ ಹೆಸರಾಂತ ಮನೆತನದವನು. 'ಜೆನೆರಸ್' ಎಂದರೆ ಸತ್ಕುಲದಲ್ಲಿ ಜನಿಸಿದವನು. ಇದಕ್ಕೆ ವ್ಯತಿರಿಕ್ತವಾಗಿ, ಒಡೆಯನ ಜಮೀನಿನಲ್ಲಿ ದುಡಿಯುತ್ತಿದ್ದ ಬಡ ರೈತನ ಹೆಸರೇ ಕಾಲಾಂತರದಲ್ಲಿ 'ವಿಲನ್' ಆಯಿತು! ನಮ್ಮ 'ಕುಲೀನ' ಪದವೂ ಇದೇ ಜಾಡಿನದು. ಅಂಗಡಿಗೆ ಬಂದ ಗಿರಾಕಿ ವಂಶಾವಳಿಯನ್ನು ಕೇಳುವುದಿಲ್ಲವಾದ್ದರಿಂದ ಈ ಪದಗಳನ್ನು ಬದಿಗಿಡಬಹುದು.

ವರ್ತಕರು ಗಮನಿಸಬೇಕಾದವು ಅಳತೆಯಿಂದ, ಲೇವಾದೇವಿಯಿಂದ ಬೆಳೆದ ಪದಗಳು. ಉತ್ತಮ ನಡತೆಯವರನ್ನು ಇಂಗ್ಲಿಷರು 'ಸ್ಟರ್ಲಿಂಗ್' ಗುಣದವರೆನ್ನುತ್ತಾರೆ. ಸ್ಟರ್ಲಿಂಗ್ ಬೆಳ್ಳಿಯೆಂದರೆ 1000 ಭಾಗಗಳಲ್ಲಿ 925 ಭಾಗ ಶುದ್ಧ ಬೆಳ್ಳಿ ಇರಬೇಕು; ಒರೆಗೆ ಹಚ್ಚಿ ನೋಡಬಹುದಾದ ಗುಣವದು. 'ಕ್ರೆಡಿಟ್' ಪದದ ಲ್ಯಾಟಿನ್ ಮೂಲಕ್ಕೆ ನಂಬುವುದು ಎಂದೇ ಅರ್ಥ. ನಮ್ಮಲ್ಲಿ ಇದಕ್ಕೆ 'ಪತ್ತು' ಎಂಬ ಸೊಗಸಾದ ಪದವಿದೆ. ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ್ದು ಪತ್ತಿನ ಸಹಕಾರ ಸಂಘವನ್ನೇ. 'ಪ್ರಾಮಾಣಿಕ' ಎಂಬಲ್ಲಿಯೂ ಇರುವುದು ಪ್ರಮಾಣ, ಅಂದರೆ ಅಳತೆ ಮತ್ತು ಪುರಾವೆ. ('ಸಿನ್ಸಿಯರ್' ಎಂದರೆ ಮೇಣ ಮೆತ್ತಿ ಬಿರುಕು ಮುಚ್ಚದ ಶಿಲ್ಪ ಎಂಬ ಕಥೆಯನ್ನು ತರಬೇತಿ ಶಿಬಿರಗಳಲ್ಲಿ ಹೇಳುವುದುಂಟು. ಕಥೆ ಚೆನ್ನಾಗಿದೆ, ಆದರೆ ನಿಘಂಟುಕಾರರು ಅದನ್ನು ಒಪ್ಪುವುದಿಲ್ಲ.)

ಇನ್ನು 'ಇಂಟೆಗ್ರಿಟಿ'. ಗಣಿತದಲ್ಲಿ ಪೂರ್ಣಾಂಕವನ್ನು ಇಂಟಿಜರ್ ಎನ್ನುತ್ತೇವಲ್ಲ, ಅದರ ಮೂಲವೇ ಇದಕ್ಕೂ ಮೂಲ. ಭಿನ್ನವಾಗದಿರುವುದು, ಒಳಗೊಂದು ಹೊರಗೊಂದು ಇಲ್ಲದಿರುವುದು ಇದರ ಭಾವ. ಕೇಂದ್ರ ಜಾಗೃತ ಆಯೋಗವು 2007ರಲ್ಲಿ ಶಿಫಾರಸು ಮಾಡಿದ ನಂತರ ಸಾರ್ವಜನಿಕ ಉದ್ಯಮಗಳ ದೊಡ್ಡ ಖರೀದಿಗಳಲ್ಲಿ 'ಇಂಟೆಗ್ರಿಟಿ ಪ್ಯಾಕ್ಟ್' ಎಂಬ ಒಪ್ಪಂದ ರೂಢಿಗೆ ಬಂದಿತು. ಲಂಚ ಕೊಡುವುದಿಲ್ಲ, ಇತರ ಟೆಂಡರುದಾರರೊಡನೆ ಒಳಒಪ್ಪಂದ ಮಾಡಿಕೊಳ್ಳುವುದಿಲ್ಲ ಎಂದು ಅದರಲ್ಲಿ ಬರೆದುಕೊಡಬೇಕು. ತಪ್ಪಿದರೆ ಠೇವಣಿ ಮುಟ್ಟುಗೋಲಾಗಬಹುದು, ಮುಂದಿನ ಟೆಂಡರ್‌ಗಳಿಂದ ಹೊರಗುಳಿಯಬೇಕಾಗಬಹುದು.

'ಗುಡ್ ಫೇತ್' ವಿಷಯ ಇನ್ನೂ ಸೂಕ್ಷ್ಮವಾದುದು. 1897ರ ಜನರಲ್ ಕ್ಲಾಸಸ್ ಕಾಯ್ದೆಯ ಪ್ರಕಾರ, ಪ್ರಾಮಾಣಿಕವಾಗಿ ಮಾಡಿದ ಕಾರ್ಯದಲ್ಲಿ ಅಜಾಗರೂಕತೆ ಇದ್ದರೂ ಅದು ಸದ್ಭಾವನೆಯ ಕಾರ್ಯವೇ. ಆದರೆ ಹಿಂದಿನ ಭಾರತೀಯ ದಂಡ ಸಂಹಿತೆಯ 52ನೆಯ ಕಲಮು ಇದಕ್ಕೆ ಒಪ್ಪುತ್ತಿರಲಿಲ್ಲ. ತಕ್ಕ ಎಚ್ಚರಿಕೆ ಇಲ್ಲದೆ ಮಾಡಿದ್ದು ಸದ್ಭಾವನೆಯದಲ್ಲ ಎಂದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಒಂದೇ ಪದ, ಎರಡು ಅಳತೆ. "ನನ್ನ ಮನಸ್ಸು ಶುದ್ಧವಾಗಿತ್ತು" ಎಂಬ ಸಮಜಾಯಿಷಿ ಎಲ್ಲ ಕಡೆಯೂ ನಡೆಯುವುದಿಲ್ಲ.

ವಿಮೆಯಲ್ಲಂತೂ 'ಅಟ್‌ಮೋಸ್ಟ್ ಗುಡ್ ಫೇತ್', ಅಂದರೆ ಪರಮ ಸದ್ಭಾವನೆ ಬೇಕು. ಸುಮಾತ್ರಾ ದ್ವೀಪದ ಇಂಗ್ಲಿಷ್ ಕೋಟೆಯೊಂದರ ಗವರ್ನರ್ ಕಾರ್ಟರ್, ಶತ್ರುಗಳ ದಾಳಿಯ ವಿರುದ್ಧ ವಿಮೆ ಇಳಿಸಿದ್ದ. ಕೋಟೆ ಫ್ರೆಂಚರ ವಶವಾಯಿತು. 1766ರಲ್ಲಿ ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡ್ ಅವನ ಪರವಾಗಿಯೇ ತೀರ್ಪಿತ್ತರೂ, ತನಗೆ ಮಾತ್ರ ಗೊತ್ತಿರುವ ಮಹತ್ವದ ಸಂಗತಿಯನ್ನು ವಿಮೆದಾರನಿಂದ ಮುಚ್ಚಿಡಬಾರದೆಂಬ ತತ್ವವನ್ನು ಅದೇ ತೀರ್ಪಿನಲ್ಲಿ ಹೇಳಿದರು. ಗೋದಾಮಿನ ಮೂಲೆಯಲ್ಲಿ ಥಿನ್ನರ್ ಡ್ರಮ್ಮುಗಳನ್ನಿಟ್ಟುಕೊಂಡು, ವಿಮಾ ಅರ್ಜಿಯಲ್ಲಿ ಅದನ್ನು ಕಾಣಿಸದೆ ಬಿಡುವ ಸಣ್ಣ ಉದ್ಯಮಿಗಳು ಈ ತತ್ವವನ್ನು ಗಂಭೀರವಾಗಿ ಪರಿಗಣಿಸಬೇಕು. ಬೆಂಕಿ ಬಿದ್ದ ಮೇಲೆ ಸರ್ವೇಯರ್ ಮೊದಲು ಕೇಳುವುದು ಅದನ್ನೇ.

ಈ ಪದಗಳ ಭಾರವನ್ನು ಸಣ್ಣವರು ಮಾತ್ರ ಹೊರಬೇಕೆ? ಸ್ವಾಗತ ಕೊಠಡಿಯ ಗೋಡೆಯ ಮೇಲೆ ಇಂಟೆಗ್ರಿಟಿಯನ್ನು ಚೌಕಟ್ಟು ಹಾಕಿಸಿ ತೂಗುಹಾಕಿರುವ ದೊಡ್ಡ ಖರೀದಿದಾರರಲ್ಲಿ ಅನೇಕರು, ಬಿಡಿಭಾಗ ಪೂರೈಸಿದವರ ಬಿಲ್ಲನ್ನು ತಿಂಗಳುಗಟ್ಟಲೆ ಮೇಜಿನಿಂದ ಮೇಜಿಗೆ ಓಡಾಡಿಸುತ್ತಾರೆ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ, ಲಿಖಿತ ಕರಾರಿದ್ದರೂ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಹಣ ಪಾವತಿಸಲು 45 ದಿನಗಳಿಗಿಂತ ಹೆಚ್ಚು ಅವಧಿ ಇಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಇಂಟೆಗ್ರಿಟಿಯನ್ನು ಅಳೆಯಲು ಇದಕ್ಕಿಂತ ನೇರವಾದ ಅಳತೆಗೋಲು ನನಗೆ ಕಾಣದು.

ನನ್ನ ಸಲಹೆ ಇಷ್ಟೇ. ಕೊಟೇಷನ್ನಿನ ತಲೆಯ ಮೇಲಿನ 'ಹಾನೆಸ್ಟ್ ಡೀಲಿಂಗ್' ಎಂಬ ಸಾಲನ್ನು ತೆಗೆದುಹಾಕಿ, ಆ ಜಾಗದಲ್ಲಿ ನಿವ್ವಳ ತೂಕ, ಮಾಲು ತಲುಪಿಸುವ ದಿನಾಂಕ, ಕೆಟ್ಟ ಮಾಲನ್ನು ಎಷ್ಟು ದಿನಗಳೊಳಗೆ ಬದಲಿಸಿಕೊಡುತ್ತೀರಿ ಎಂಬುದನ್ನು ಬರೆಯಿರಿ. ಅದರ ಕೆಳಗೆ ಹಣ ಸಂದಾಯವಾಗಬೇಕಾದ ಕೊನೆಯ ದಿನಾಂಕವನ್ನೂ ಸ್ಪಷ್ಟವಾಗಿ ನಮೂದಿಸಿ, ಖರೀದಿದಾರರ ಸಹಿ ಪಡೆಯಿರಿ.